ಇಬ್ಬರೂ ಅಭ್ಯರ್ಥಿಗಳು ಜೀವಂತ

ನಮ್ಮ ಅತ್ತೆ ಗಟ್ಟಿಮುಟ್ಟಾಗಿ ಬದುಕಿದ್ದಾಗಲೇ ಬಿಜ್ಜರಗಿಯ ಹೆಂಗಸರು ಅವರಿಗಾಗಿ ಎದೆ ಬಡಿದುಕೊಂಡು ಅತ್ತಿದ್ದರು. ಆ ಅಳುವಿನಲ್ಲಿ ಅತ್ತೆಯೂ ಸೇರಿಕೊಂಡಿದ್ದರು. ಇದಕ್ಕೆಲ್ಲ ಕಾರಣ ನಾನು ಕೆಲಸಕ್ಕಿದ್ದ ವಾರಪತ್ರಿಕೆ ಮತ್ತು ಅದರ ಸಂಪಾದಕರಿಗೆ ಹಿಡಿದಿದ್ದ ನ್ಯಾಯದ ಹುಚ್ಚು. ಈಗಲೂ ಟಿಕೋಟಾದ ಕಡೆ ಹೋದಾಗ ಆ ಕಾಲದ ಯಾರಾದರೂ ಸಿಕ್ಕರೆ ಮೊದಲು ಈ ಸುದ್ದಿ ತೆಗೆದು, ಸೆರಗು ಬಾಯಿಗೆ ಹಿಡಿದು ನಗುತ್ತಾರೆ.

ಎಪ್ಪತ್ತರ ದಶಕದ ನಡುವಿನ ಮಾತು. ವಿಜಯಪುರಕ್ಕೆ ಆಗ ನಾವೆಲ್ಲ ವಿಜಾಪುರ ಅನ್ನುತ್ತಿದ್ದೆವು. ನನ್ನ ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಹಾಗಾಗಿ ಇಬ್ರಾಹಿಂಪುರದಲ್ಲಿ ಹಳಿಯ ಹತ್ತಿರವೇ ಬಾಡಿಗೆ ಮನೆ. ಗೂಡ್ಸ್ ಗಾಡಿ ಹೋದಾಗಲೆಲ್ಲ ಗೋಡೆಯ ಮಾಡದಲ್ಲಿಟ್ಟ ಕಪ್ಪುಬಸಿ ಗಡಗಡ ಅನ್ನುತ್ತಿದ್ದವು. ಎರಡು ಓಣಿ ದಾಟಿದರೆ ನಮ್ಮ ಪತ್ರಿಕೆಯ ಪ್ರೆಸ್. ಅಲ್ಲಿ ನನ್ನ ಕೆಲಸ ಪ್ರೂಫ್ ತಿದ್ದುವುದು. ಮದುವೆಯಾದ ಹೆಣ್ಣು ಗಂಡಸರ ನಡುವೆ ಕೂತು ಏನು ತಿದ್ದುತ್ತಾಳೆ ಎಂದು ನೆಂಟರು ಮೂಗು ಮುರಿದಾಗ, ಟಿಕೋಟಾದಲ್ಲಿ ಹೊಲಮನೆ ನೋಡಿಕೊಂಡಿದ್ದ ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದ್ದರು. "ಮನ್ಯಾಗ ನನ್ನ ತಿದ್ದೂದಕ್ಕಿಂತ ಅಲ್ಲಿ ಪೇಪರ ತಿದ್ದಲಿ ಬಿಡ್ರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರದೇನು ಕಡಿಮೆ ಇರಲಿಲ್ಲ.

ಸಂಪಾದಕರು ಮಾತ್ರ ತಣ್ಣಗಿನ ಮನುಷ್ಯ. ಬಿಳಿ ಅಂಗಿ, ಬಿಳಿ ಧೋತರ, ಜೇಬಿನಲ್ಲಿ ಒಂದು ಗೇಣುದ್ದದ ದಾರ. ಆ ದಾರದಿಂದ ಅವರು ಪತ್ರಿಕೆಗಳನ್ನು ಅಳೆಯುತ್ತಿದ್ದರು. ದಿಲ್ಲಿಯಲ್ಲಿ ರಾಷ್ಟ್ರಪತಿ ಚುನಾವಣೆ ಬಂತೆಂದರೆ ಮೇಜಿನ ತುಂಬ ಊರೂರಿನ ಪತ್ರಿಕೆ ಹರಡಿಕೊಂಡು, ಯಾವ ಅಭ್ಯರ್ಥಿಗೆ ಎಷ್ಟು ಉದ್ದದ ಸುದ್ದಿ, ಯಾರದು ಮೇಲೆ, ಯಾರದು ಕೆಳಗೆ ಎಂದು ದಾರ ಹಿಡಿದು ನೋಡುವರು. ಒಂದು ಕಡೆ ಬೆರಳಗಲ ಹೆಚ್ಚಾದರೂ ಅವರ ಮುಖ ಸಪ್ಪಗಾಗುತ್ತಿತ್ತು. "ಪೇಪರ್ ಅಂದ್ರ ತಕ್ಕಡಿ ಇದ್ದಂಗ ನೋಡವಾ ತಂಗಿ. ಯಾರ ಕಡೀನೂ ವಾಲಬಾರದು" ಎಂದು ನನಗೆ ಹೇಳುವರು. ದಿಲ್ಲಿಯವರಿಗೆ ಇವರ ದಾರದ ಸುದ್ದಿ ಗೊತ್ತೇ ಇರಲಿಲ್ಲ, ಪಾಪ.

ಅವರ ತಕ್ಕಡಿಗೆ ಕೆಲಸ ಕೊಟ್ಟದ್ದು ನಮ್ಮದೇ ಮಹಿಳಾ ಮಂಡಳದ ಅಧ್ಯಕ್ಷರ ಚುನಾವಣೆ. ಪೇಟೆಯ ಹೆಂಗಸರು, ಟಿಕೋಟಾ, ಬಬಲೇಶ್ವರ, ಕನಮಡಿ ಕಡೆಯ ಹಳ್ಳಿಯ ಹೆಂಗಸರು ಎಲ್ಲ ಆ ಮಂಡಳದ ಸದಸ್ಯರು. ಮಂಡಳಕ್ಕೆ ಒಂದಿಷ್ಟು ಹೊಲಿಗೆ ಯಂತ್ರ ಬಂದಿದ್ದವು. ಅವು ಪೇಟೆಯ ಒಂದು ಖೋಲಿಯಲ್ಲಿ ಬೀಗದೊಳಗೆ ಕೂತು ವರ್ಷವಾಗಿತ್ತು. ಪೇಟೆಯ ಹುಡುಗಿಯರಿಗೆ ಹೊಲಿಗೆ ಬೇಡವಾಗಿತ್ತು, ಹಳ್ಳಿಯ ಹುಡುಗಿಯರನ್ನು ದಿನಾ ಬಸ್ಸಿನಲ್ಲಿ ಪೇಟೆಗೆ ಕಳಿಸಲು ಯಾವ ಅಪ್ಪನೂ ತಯಾರಿರಲಿಲ್ಲ. ಆ ಯಂತ್ರಗಳನ್ನು ಟಿಕೋಟಾಕ್ಕೆ ತರಬೇಕು ಎಂಬುದೊಂದೇ ಹಟದಿಂದ ನಮ್ಮ ಅತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಅವರ ಎದುರು ನಿಂತವರು ಪೇಟೆಯ ವಕೀಲರೊಬ್ಬರ ಹೆಂಡತಿ, ಆ ಖೋಲಿಯ ಕೀಲಿಕೈ ಇದ್ದದ್ದೂ ಅವರ ಹತ್ತಿರವೇ. ಅವರಿಗೆ ಎಲ್ಲರೂ ವಕೀಲ ಬಾಯಾರು ಅನ್ನುತ್ತಿದ್ದರು. ಯಂತ್ರಗಳು ಪೇಟೆಯಲ್ಲಿದ್ದರೇ ಕಳ್ಳಕಾಕರಿಂದ ಸುರಕ್ಷಿತ ಎಂಬುದು ಅವರ ವಾದ.

ಸಂಪಾದಕರಿಗೆ ಹಬ್ಬವೇ ಬಂದಂತಾಯಿತು. ಇಬ್ಬರು ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆ ಕೇಳಿ, ಒಂದೇ ಅಳತೆಯಲ್ಲಿ ಅಚ್ಚು ಮಾಡುವುದೆಂದು ಗೊತ್ತುಮಾಡಿದರು. ನಾನು ಒಬ್ಬರ ಸೊಸೆ ಅಲ್ಲವೇ, ಅದಕ್ಕಾಗಿ ನನ್ನನ್ನು ವಕೀಲ ಬಾಯಾರ ಮನೆಗೆ ಕಳಿಸಿ, ತಾವು ಟಿಕೋಟಾದ ಬಸ್ಸು ಹತ್ತಿದರು.

ಇದರಿಂದಲೇ ಕೆಲಸ ಕೆಟ್ಟಿತು. ಎದುರಾಳಿಯ ಸೊಸೆ ಬೇಕಂತಲೇ ಕೊಂಕು ಬರೆದಳು ಎಂದು ನಾಳೆ ಯಾರೂ ಅನ್ನಬಾರದೆಂದು ನಾನು ವಕೀಲ ಬಾಯಾರ ಬಗ್ಗೆ ಸಕ್ಕರೆ ಹಚ್ಚಿ ಬರೆದೆ. ಅವರ ಮನೆಯ ಹೂಕುಂಡಗಳನ್ನೂ ಬಿಡದೆ ಹೊಗಳಿದೆ. ಅತ್ತ ಸಂಪಾದಕರಿಗೆ ಅತ್ತೆ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸಿ, "ಉಣ್ರಿ ಸಾಹೇಬ್ರ, ಹೊಟ್ಟಿ ಹಸದಾಗ ಕೇಳಿದ ಪ್ರಶ್ನಿ ಖಾರ ಇರತಾವ" ಎಂದು ಒತ್ತಾಯ ಮಾಡಿದ್ದರು. ಅನ್ನದ ಋಣಕ್ಕೆ ಬಾಗಿದೆ ಅನ್ನಿಸಿಕೊಳ್ಳಬಾರದೆಂದು ಆ ಪುಣ್ಯಾತ್ಮ ತೇಗುತ್ತಲೇ ಕೂತು ಖಡಕ್ಕಾಗಿ ಬರೆದರು. ಅಭ್ಯರ್ಥಿಗೆ ಓದು ಸಾಲದು, ಮಾತು ಒರಟು, ಸಭೆಯ ನಿಯಮ ಗೊತ್ತಿಲ್ಲ, ಬೀಗದ ಕೈ ಕೊಡದಿದ್ದರೆ ಬೀಗ ಒಡೆಯುತ್ತೇನೆ ಎನ್ನುತ್ತಾರೆ, ಇತ್ಯಾದಿ. ಎರಡೂ ಬರಹ ದಾರಕ್ಕೆ ಸರಿಯಾಗಿ ಒಂದೇ ಉದ್ದ.

ಪ್ರೂಫ್ ಓದುತ್ತ ನನ್ನ ಮೈ ಉರಿಯಿತು. "ಅಳತಿ ಸರಿ ಐತ್ರಿ. ಆದರ ಒಂದು ತಾಟಿನ್ಯಾಗ ಹೋಳಿಗಿ, ಇನ್ನೊಂದರಾಗ ಮೆಣಸಿನಕಾಯಿ" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

ಇಷ್ಟಾಗಿದ್ದರೆ ಚಿಂತೆಯಿರಲಿಲ್ಲ. ಅತ್ತೆಗೆ ಆ ಬರಹವನ್ನು ಓದಿ ಹೇಳಿದಾಗ ಅವರು ಬೇಜಾರು ಮಾಡಿಕೊಳ್ಳಲೇ ಇಲ್ಲ. "ಬೀಗ ಒಡೀತೀನಿ ಅಂದದ್ದು ಖರೇನ ಐತಿ. ಅಚ್ಚ ಹಾಕ್ಸಿದ್ದು ಚಲೋನ ಆತು" ಅಂದರು. ನನ್ನನ್ನು ಕಾಡಿದ್ದು ಫೋಟೋ. ವಕೀಲ ಬಾಯಾರು ಹಿಂದೊಮ್ಮೆ ಯಾವುದೋ ಉದ್ಘಾಟನೆ ಮಾಡಿದ್ದರು. ಆಗ ಮಾಡಿಸಿದ್ದ ಅವರ ಮುಖದ ಬ್ಲಾಕು, ಅಂದರೆ ಕಟ್ಟಿಗೆಗೆ ಬಡಿದ ಲೋಹದ ಅಚ್ಚು, ನಮ್ಮ ಪ್ರೆಸ್ಸಿನಲ್ಲೇ ಇತ್ತು. ಇದೆಯಲ್ಲ ಎಂದು ಅಚ್ಚಿನ ಮೊಳೆ ಜೋಡಿಸುವ ಮುದುಕ ಪ್ರತಿ ವಾರ ಅದನ್ನೇ ಹಾಕುತ್ತಿದ್ದ. ಅದರ ಸುತ್ತ ಚೆಂದದ ಹೂಬಳ್ಳಿಯ ಚೌಕಟ್ಟು. ನಮ್ಮ ಅತ್ತೆಯ ಬ್ಲಾಕು ಎಲ್ಲಿಂದ ಬರಬೇಕು? ಅವರು ಹುಟ್ಟಿದಾಗಿನಿಂದ ಫೋಟೋ ತೆಗೆಸಿಕೊಂಡವರೇ ಅಲ್ಲ. ಓದು ಬಾರದ ಹಳ್ಳಿಯ ಹೆಂಗಸರು ಪೇಪರಿನಲ್ಲಿ ನೋಡುವುದು ಮುಖವನ್ನು. ಅಲ್ಲಿ ವಾರ ವಾರವೂ ಒಂದೇ ಮುಖ.

"ಇದು ಯಾವ ಊರ ತಕ್ಕಡಿ ಸರ್?" ಎಂದು ಜಗಳ ತೆಗೆದೆ. ಸಂಪಾದಕರು ಹಳೆಯ ಸಂಚಿಕೆಗಳನ್ನು ತಿರುವಿ ನೋಡಿ, ತಪ್ಪು ಸಿಕ್ಕಿಬಿದ್ದ ಸಾಲಿ ಹುಡುಗನ ಹಾಗೆ ತಲೆ ಕೆರೆದುಕೊಂಡರು. ಆಮೇಲೆ ಅವರೇ ಮುಂದೆ ನಿಂತು ಅತ್ತೆಯನ್ನು ಪೇಟೆಯ ಸ್ಟುಡಿಯೋಕ್ಕೆ ಕರೆಸಿದರು. ಫೋಟೋದವನು ಸ್ವಲ್ಪ ನಗಿರಿ ಎಂದದ್ದಕ್ಕೆ ಅತ್ತೆ, "ಯಾರೂ ಏನೂ ಅನ್ನದ ನಾ ಒಬ್ಬಾಕಿ ಹ್ಯಾಂಗ ನಗಲಿ?" ಎಂದು ಗಂಭೀರವಾಗಿ ಕೂತರು. ಹಣೆಯ ತುಂಬ ಕುಂಕುಮ, ತಲೆಯ ಮೇಲೆ ಸೆರಗು, ಕಣ್ಣು ನೆಟ್ಟಗೆ. ಬ್ಲಾಕು ಸೊಲ್ಲಾಪುರದಲ್ಲಿ ತಯಾರಾಗಿ ಬರಬೇಕಿತ್ತು. ಚುನಾವಣೆಗೆ ಮುಂಚಿನ ಕೊನೆಯ ಸಂಚಿಕೆ ಅಚ್ಚಿಗೆ ಹೋಗುವ ಗುರುವಾರ ಸಂಜೆ, ನಾನು ಪ್ರೂಫ್ ಮುಗಿಸಿ ಮನೆಗೆ ಹೋದಮೇಲೆ ಅದು ಬಂತು.

ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿಗೆ ಹೋಗಿ ಪೇಪರ್ ಬಿಡಿಸಿದವಳು ಅಲ್ಲೇ ಕುರ್ಚಿಯ ಮೇಲೆ ಕೂತೆ. ಮುಖಪುಟದಲ್ಲಿ ಇಬ್ಬರ ಫೋಟೋ ಅಕ್ಕಪಕ್ಕ, ಒಂದೇ ಅಳತೆ. ವಕೀಲ ಬಾಯಾರ ಸುತ್ತ ಹೂಬಳ್ಳಿ. ನಮ್ಮ ಅತ್ತೆಯ ಸುತ್ತ ದಪ್ಪನೆಯ ಕರಿ ಗೆರೆ.

ನಮ್ಮ ಪ್ರೆಸ್ಸಿನಲ್ಲಿ ಇದ್ದದ್ದೇ ಆ ಎರಡು ನಮೂನೆಯ ಚೌಕಟ್ಟು. ಹೂಬಳ್ಳಿ ಮದುವೆ, ಸತ್ಕಾರ, ಉದ್ಘಾಟನೆಗೆ. ಕರಿ ಗೆರೆ ತೀರಿಕೊಂಡವರಿಗೆ. ಹಳ್ಳಿಯ ಹೆಂಗಸಿನ ಮುಖ ಪೇಪರಿನಲ್ಲಿ ಬರುತ್ತಿದ್ದುದೇ ಸತ್ತಮೇಲೆ, ಕರಿ ಗೆರೆಯ ನಡುವೆ. ಮುದುಕನನ್ನು ತರಾಟೆಗೆ ತೆಗೆದುಕೊಂಡರೆ ಅವನು ತಣ್ಣಗೆ ಹೇಳಿದ. "ಹೂವಿನ ಬಾರ್ಡರ್ ಒಂದು ಫೋಟೋಕ್ಕ ಸಾಕಾಗೂವಷ್ಟ ಇತ್ತವ್ವಾ. ಒಬ್ಬರಿಗೆ ಚೌಕಟ್ಟ ಹಾಕಿ ಒಬ್ಬರಿಗೆ ಬಿಟ್ರ ಸಾಹೇಬ್ರು ಪಕ್ಷಪಾತ ಅಂತಾರ. ಇದ್ದದ್ದ ಹಾಕೀನಿ."

ಸಂಪಾದಕರು, ಕೆಳಗೆ ಉತ್ತರಗಳನ್ನು ಅಚ್ಚು ಮಾಡಿದ್ದೇವಲ್ಲ, ಸತ್ತವರು ಉತ್ತರ ಕೊಡುತ್ತಾರೆಯೇ, ಮಂದಿ ಓದಿ ತಿಳಿದುಕೊಳ್ಳುತ್ತಾರೆ ಎಂದರು. ಓದಲು ಬಂದವರಿಗೆ ಅದು ಸರಿ. ನಾನು ಮಧ್ಯಾಹ್ನದ ಬಸ್ಸು ಹಿಡಿದು ಟಿಕೋಟಾಕ್ಕೆ ಓಡಿದೆ.

ಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಚೀಲದಿಂದ ಪೇಪರ್ ತೆಗೆಯುವಷ್ಟರಲ್ಲಿ ಓಣಿಯ ಆ ತುದಿಯಿಂದ ಅಳು ಕೇಳಿಸಿತು. ಬಿಜ್ಜರಗಿಯಿಂದ ಒಂದು ಬಂಡಿ ತುಂಬ ಹೆಂಗಸರು ಬಂದಿಳಿದಿದ್ದರು. ಕೈಯಲ್ಲಿ ಹಾರ, ಕಾಯಿ. ಮುಂದೆ ಒಬ್ಬ ಮುದುಕಿ ಕಣ್ಣು ಮುಚ್ಚಿಕೊಂಡು, ಎದೆ ಬಡಿದುಕೊಳ್ಳುತ್ತ, ಉಳಿದವರ ಭುಜ ಹಿಡಿದು ಬರುತ್ತಿದ್ದಳು.

ನಮ್ಮ ಕಡೆ ಅಳು ಕೇಳಿಸಿದರೆ ಯಾರು, ಏನು ಎಂದು ಆಮೇಲೆ ಕೇಳುತ್ತಾರೆ. ಮೊದಲು ಹೋಗಿ ಕೊರಳು ಹಿಡಿದು ಕೂತು ಅಳಬೇಕು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ನಾನು "ಅತ್ತೀ, ನಿಲ್ರಿ" ಅನ್ನುವುದನ್ನೂ ಕೇಳದೆ, ಆ ಮುದುಕಿಯ ಕೊರಳು ಹಿಡಿದು ಕಟ್ಟೆಯ ಮೇಲೆ ಕೂತು ಜೋರಾಗಿ ಅಳತೊಡಗಿದರು. ಮುದುಕಿ ಕಣ್ಣು ತೆರೆಯಲೇ ಇಲ್ಲ. ಹಾಡಿ ಹಾಡಿ ಅಳುವುದರಲ್ಲಿ ಆಕೆ ಹೆಸರಾದವಳು. "ಬಾಣಂತಿ ಮನಿಗೆ ಕೇಳದ ಕೊಬ್ಬರಿ ಬೆಲ್ಲ ಕಳಿಸಾಕೀ... ಬಸ್ಸಿಗೆ ಅಡ್ಡ ನಿಂತು ನಮ್ಮ ಹುಡಿಗ್ಯಾರನ್ನ ಹತ್ತಿಸಿದಾಕೀ... ಬಾಯಿ ಜೋರ ಇದ್ರೂ ಮನಸ ಬೆಣ್ಣಿ ಇದ್ದಾಕೀ... ಬೀಗ ಒಡದು ಮಷೀನ್ ತರತೀನಂದು ಬಿಟ್ಟ ಹೋದ್ಯಲ್ಲವ್ವಾ..." ಎಂದು ಒಂದೊಂದೇ ಗುಣ ಎತ್ತಿ ಎತ್ತಿ ಅತ್ತಳು. ಸಂಪಾದಕರ ಪ್ರಶ್ನೆಗಳಿಗೆ ಸಿಗದ ಉತ್ತರಗಳೆಲ್ಲ ಅದರಲ್ಲಿದ್ದವು. ಅತ್ತೆಯೂ ಪ್ರತಿ ಸಾಲಿಗೂ ಮೂಗು ಒರೆಸಿಕೊಂಡು ಅತ್ತರು. ಕೊನೆಗೆ ತಡೆಯಲಾರದೆ ಕೇಳಿದರು. "ಇಷ್ಟ ಚಲೋ ಹೆಣ್ಣಮಗಳು ಯಾಕಿ ಬೇ ಹೋದಾಕಿ?"

"ಮತ್ಯಾರ? ನಮ್ಮ ಟಿಕೋಟಾದ ಯಕ್ಕ" ಎಂದು ಮುದುಕಿ ಕಣ್ಣು ತೆರೆದಳು.

ಮುದುಕಿ ಅತ್ತೆಯ ಗಲ್ಲ ಮುಟ್ಟಿ ನೋಡಿದಳು, ಮೂಗು ಹಿಡಿದು ನೋಡಿದಳು. ಆಮೇಲೆ ಬೆನ್ನಿಗೆ ಧಪ್ಪನೆ ಒಂದು ಗುದ್ದು ಕೊಟ್ಟಳು. "ಸಾಯದ ಹಂಗ್ಯಾಕ ಫೋಟೋ ಹಾಕ್ಸಿ ಬೇ? ಬಂಡಿ ಕಟಗೊಂಡು ಬಂದೇವಿ." ಪೇಪರ್ ನೋಡಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂದ ಹಾರ ಸುಮ್ಮನೆ ಹಾಳಾಗಬಾರದೆಂದು ಅದನ್ನು ಮುದುಕಿಯ ಕೊರಳಿಗೇ ಹಾಕಿ, ಎಲ್ಲರಿಗೂ ಚಹಾ ಮಾಡಲು ನನಗೆ ಹೇಳಿದರು.

ಚಹಾ ಕುಡಿಯುತ್ತ ಬಿಜ್ಜರಗಿಯವಳೊಬ್ಬಳು ಆಡಿದ ಮಾತಿಗೆ ಮಾತ್ರ ಎಲ್ಲರ ನಗೆ ನಿಂತಿತು. "ಕನಮಡಿ ಮಂದಿ ಆಯ್ತವಾರ ಓಟ ಹಾಕಾಕ ಬರೂದಿಲ್ಲಂತ್ರಿ. ಇಬ್ಬರಾಗ ಒಬ್ಬಾಕಿ ಹ್ವಾದ್ಲು, ಉಳದಾಕೀನ ಅಧ್ಯಕ್ಷ, ಬಸ್ಸಿಗೆ ಯಾಕ ಹತ್ತಬೇಕ ಅಂದ್ರು." ಬಬಲೇಶ್ವರದ ಕಡೆಯೂ ಅದೇ ಮಾತು ಹಬ್ಬಿತ್ತು. ಅತ್ತೆ ಖಾಲಿ ಕಪ್ಪನ್ನು ಕೆಳಗಿಟ್ಟು, "ಹಂಗಾರ ಮಷೀನೂ ಹ್ವಾದವು ಬಿಡು" ಅಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ನನಗೆ ಅಳುವೇ ಬಂತು, ಸಿಟ್ಟಿನಲ್ಲಿ ನುಂಗಿಕೊಂಡೆ.

ಸಂಜೆಯ ಬಸ್ಸಿಗೆ ಅತ್ತೆಯನ್ನೂ ಕಟ್ಟಿಕೊಂಡು ನೇರ ಪ್ರೆಸ್ಸಿಗೆ ಬಂದೆ. ಅತ್ತೆ ಬದುಕಿದ್ದಾರೆ ಎಂದು ಈಗಿಂದೀಗ ಒಂದು ಕರಪತ್ರ ಅಚ್ಚು ಮಾಡಿಸಿ ಎಂದರೆ, ಸಂಪಾದಕರು ದಾರವನ್ನು ಬೆರಳಿಗೆ ಸುತ್ತುತ್ತ ನಿಂತರು.

"ಚುನಾವಣಿ ಎರಡು ದಿವಸ ಇದ್ದಾಗ ಒಬ್ಬರ ಪರವಾಗಿ ಕರಪತ್ರ ತೆಗದ್ರ ಅದು ಪಕ್ಷಪಾತ ಆಗ್ತೈತೆವಾ ತಂಗಿ."

"ಸತ್ತಿಲ್ಲ ಅನ್ನೂದು ಪಕ್ಷಪಾತ ಏನ್ರಿ ಸರ್?" ನನ್ನ ದನಿ ಓಣಿಗೆ ಕೇಳಿಸುವಷ್ಟಿತ್ತು.

"ಇವರು ಬದುಕ್ಯಾರ ಅಂತ ಅಚ್ಚ ಹಾಕಿ, ಅವರ ಬಗ್ಗೆ ಸುಮ್ಮನಿದ್ರ, ಮಂದಿ ಅವರ ಬಗ್ಗೆ ಏನ ತಿಳಕೋಬೇಕು?" ಎಂದು ಅವರು ನಿಜವಾಗಿಯೂ ಚಿಂತೆಯಿಂದ ಕೇಳಿದರು. ಆ ಮನುಷ್ಯನನ್ನು ಆ ಗಳಿಗೆಯಲ್ಲಿ ನಾನು ಕತ್ತು ಹಿಸುಕದೆ ಬಿಟ್ಟದ್ದು ಅತ್ತೆ ನನ್ನ ಸೆರಗು ಹಿಡಿದು ಎಳೆದದ್ದರಿಂದ. ಕಡೆಗೆ ಅವರೇ ಕಾಗದ ಎಳೆದುಕೊಂಡು, ಬಹಳ ಯೋಚನೆ ಮಾಡಿ ಒಂದು ಸಾಲು ಬರೆದರು. "ಮಹಿಳಾ ಮಂಡಳದ ಅಧ್ಯಕ್ಷ ಸ್ಥಾನದ ಇಬ್ಬರೂ ಅಭ್ಯರ್ಥಿಗಳು ಜೀವಂತವಾಗಿದ್ದಾರೆ." ಇಬ್ಬರ ಹೆಸರೂ ಕೆಳಗೆ, ಒಂದೇ ಅಳತೆಯ ಅಕ್ಷರದಲ್ಲಿ.

ಮುದುಕ ಮೊಳೆ ಜೋಡಿಸುತ್ತಿರುವಾಗಲೇ ವಕೀಲ ಬಾಯಾರು ಒಳಗೆ ಬಂದರು. ಅವರ ಮುಖ ಕೆಂಪಾಗಿತ್ತು. "ಇದೇನ್ ಮಾಡಿಟ್ಟೀರಿ ನೀವು? ಮಂದಿ ಮುಂಜಾನಿಂದ ಹಾರ ಹಿಡಕೊಂಡು ನಮ್ಮ ಮನಿಗೆ ಬರಾಕತ್ತಾರ. ಓಟ ಬೀಳೂಕಿಂತ ಮೊದಲ ಗೆದ್ದೀರಿ ಅನ್ನಾಕತ್ತಾರ" ಎಂದು ಸಂಪಾದಕರನ್ನು ಝಾಡಿಸಿದರು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅತ್ತೆಯನ್ನು ಕಂಡಮೇಲೆ ದನಿ ಇಳಿಸಿ, "ಅಕ್ಕಾರ, ನಾ ಸೋತ್ರೂ ಚಿಂತಿಲ್ಲ, ಹಿಂಗ ಗೆಲ್ಲೂದು ನನಗ ಬ್ಯಾಡ" ಅಂದರು.

"ಕರಪತ್ರ ಓದಾಕ ಬರೋರಿಗೆ ಆತ್ರಿ ಬಾಯಾರ. ಓದಾಕ ಬರದವರಿಗೆ ನಾನ ಹೋಗಿ ನಿಂದರಬೇಕು" ಎಂದರು ಅತ್ತೆ.

"ನಮ್ಮ ಜೀಪ್ ಐತಿ. ನಾಳೆ ಮುಂಜಾನೆ ಬರ್ರಿ, ಕೂಡೇ ಹೋಗೂಣು."

ಹೀಗೆ ಶನಿವಾರ ದಿನವಿಡೀ ಒಂದೇ ಜೀಪಿನಲ್ಲಿ ಇಬ್ಬರು ಅಭ್ಯರ್ಥಿಗಳು ಊರೂರು ಸುತ್ತಿದರು. ಅಂಥ ಪ್ರಚಾರವನ್ನು ನಾನು ಮತ್ತೆಂದೂ ನೋಡಲಿಲ್ಲ. ಕನಮಡಿಯಲ್ಲಿ ಜೀಪು ನಿಂತ ಕೂಡಲೆ ಅತ್ತೆ ಎದ್ದು ನಿಂತು, "ನೋಡ್ರೆವಾ, ಸತ್ತಿಲ್ಲ. ಬೇಕಾದ್ರ ಚಿವುಟ್ರಿ" ಅನ್ನುವರು. ನಾಲ್ಕು ಮಂದಿ ಬಂದು ಚಿವುಟಿಯೂ ನೋಡಿದರು. ಪಕ್ಕದಲ್ಲಿ ವಕೀಲ ಬಾಯಾರು ನಗುವನ್ನು ತಡೆಯಲು ಕರವಸ್ತ್ರ ಬಾಯಿಗಿಟ್ಟುಕೊಳ್ಳುವರು. ಹಿಂದಿನ ಸೀಟಿನಲ್ಲಿ ಸಂಪಾದಕರು ಕೈಗಡಿಯಾರ ನೋಡುತ್ತ, ಒಬ್ಬರ ಮಾತು ಉದ್ದವಾದರೆ ಕೆಮ್ಮಿ ಎಚ್ಚರಿಸುವರು. ಮಧ್ಯಾಹ್ನ ಹೊಲದ ಬದುವಿನಲ್ಲಿ ಬೇವಿನ ಮರದ ಕೆಳಗೆ ಅತ್ತೆಯ ಬುತ್ತಿ ಬಿಚ್ಚಿದಾಗ, ಸಂಪಾದಕರು ಈ ಸಲ ರೊಟ್ಟಿ ಮುಟ್ಟುವ ಮೊದಲು ವಕೀಲ ಬಾಯಾರ ಡಬ್ಬಿಯ ಚಪಾತಿಯನ್ನೂ ಒಂದು ತೆಗೆದುಕೊಂಡರು.

ಬಬಲೇಶ್ವರಕ್ಕೆ ಬರುವಷ್ಟರಲ್ಲಿ ಇಳಿಹೊತ್ತಾಗಿತ್ತು. ಬಸ್ ನಿಲ್ದಾಣದ ಹತ್ತಿರ ಹೆಂಗಸರು ಬಹಳ ಸೇರಿದ್ದರು. ಯಾರೋ ಒಬ್ಬಳು ಮಷೀನಿನ ಮಾತು ತೆಗೆದಳು. ವಕೀಲ ಬಾಯಾರು ಮೊದಲು ಹೇಳಿದರು, ಪೇಟೆಯ ಖೋಲಿಯಲ್ಲಿ ಅವು ಸುರಕ್ಷಿತವಾಗಿವೆ, ಒಂದು ಸೂಜಿಯೂ ಕಳೆದಿಲ್ಲ ಎಂದು. ಅದು ಸುಳ್ಳಲ್ಲ. ಅತ್ತೆ ಅದನ್ನು ಒಪ್ಪಿಕೊಂಡರು. "ಬಾಯಾರು ಹೇಳಿದ್ದು ಖರೇ ಐತಿ, ಮಷೀನ್ ಸುರಕ್ಷಿತ ಅದಾವ. ನಮ್ಮ ಹುಡಿಗ್ಯಾರ ಕೈ ಮಾತ್ರ ಖಾಲಿ ಅದಾವ" ಎಂದು ಅಷ್ಟಕ್ಕೇ ಕೂತುಬಿಟ್ಟರು. ಸಂಪಾದಕರು ಗಡಿಯಾರ ನೋಡಿ, ನಿಮ್ಮ ಪಾಲಿನ ಸಮಯ ಇನ್ನೂ ಉಳಿದಿದೆ ಎಂದು ಪಿಸುಗುಟ್ಟಿದರು. "ಉಳೀಲಿ ಬಿಡ್ರಿ" ಅಂದರು ಅತ್ತೆ. ಇಬ್ರಾಹಿಂಪುರ ಬರುವ ಮುಂಚೆ ವಕೀಲ ಬಾಯಾರು ಅತ್ತೆಯನ್ನು ಒಂದೇ ಮಾತು ಕೇಳಿದರು, ಹೊಲಿಗೆ ಕಲಿಯುವ ಹುಡುಗಿಯರು ಎಷ್ಟು ಮಂದಿ ಇದ್ದಾರೆ ಎಂದು.

ಭಾನುವಾರ ಪೇಟೆಯ ಸಾಲಿಯಲ್ಲಿ ಓಟು. ಕನಮಡಿಯವರು ಬಸ್ಸಿನ ಮೇಲ್ಗಡೆಯೂ ಕೂತು ಬಂದರಂತೆ, ನಾನು ನೋಡಲಿಲ್ಲ. ಬಿಜ್ಜರಗಿಯ ಮುದುಕಿ ಅದೇ ಬಂಡಿಯಲ್ಲಿ ಬಂದಳು. ಸಂಜೆ ಎಣಿಕೆ ಮುಗಿದು ಅತ್ತೆಯ ಹೆಸರು ಓದಿದಾಗ ನಾನು ಸಂಪಾದಕರ ಎದುರೇ ಕುಣಿದೆ, ಅವರು ಆ ಕಡೆ ಮುಖ ತಿರುಗಿಸಿ ನಿಂತರು. ಬೀಗ ಒಡೆಯುವ ಪ್ರಸಂಗ ಬರಲೇ ಇಲ್ಲ. ವಕೀಲ ಬಾಯಾರು ಖೋಲಿಯ ಕೀಲಿಕೈಯನ್ನು ಪರ್ಸಿನಲ್ಲಿ ಹಾಕಿಕೊಂಡೇ ಬಂದಿದ್ದರು. ಅತ್ತೆಯ ಕೈಯಲ್ಲಿಟ್ಟು, ಎಣ್ಣೆ ಹಾಕಿಸಿ ಉಪಯೋಗಿಸಿ, ಜಂಗು ಹಿಡಿದಿರಬೇಕು ಎಂದರು.

ಹೊಲಿಗೆ ಯಂತ್ರಗಳು ಟಿಕೋಟಾದ ನಮ್ಮ ಮನೆಯ ಪಡಸಾಲೆಗೇ ಬಂದವು, ಬೇರೆ ಜಾಗ ಸಿಗುವತನಕ ಎಂದು. ಬೇರೆ ಜಾಗವನ್ನು ಯಾರೂ ಹುಡುಕಲಿಲ್ಲ. ಅತ್ತೆ ಆ ಕರಿ ಗೆರೆಯ ಪೇಪರಿಗೆ ಕಟ್ಟು ಹಾಕಿಸಿ ಅದೇ ಪಡಸಾಲೆಯ ಗೋಡೆಗೆ ತೂಗುಹಾಕಿಸಿದರು. ಹೊಸದಾಗಿ ಬಂದ ಹುಡುಗಿಯರು ಗಾಬರಿಯಾಗಿ, "ಯಾರ್ರಿ ಇವರು ಸತ್ತವರು?" ಎಂದು ಕೇಳಿದರೆ, "ನಾನ. ಈಗ ದಾರ ಪೋಣಿಸು" ಅನ್ನುವರು. ಒಮ್ಮೆ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. "ಕರೇ ಗೆರಿ ಒಮ್ಮೆ ಹಾಕ್ಸಿಕೊಂಡಾತು. ಖರೇನ ಹೋದಾಗ ಆ ಹೂಬಳ್ಳೀದು ಹಾಕ್ಸು. ಬಾಯಾರ ಫೋಟೋಕ್ಕ ಎಷ್ಟ ಚಂದ ಕಾಣ್ತಿತ್ತು." ನಾನು ನಕ್ಕು, ಹೂಂ ಎಂದೆ. ಹೂಂ ಅನ್ನುವಾಗ ಯಾರು ಅಷ್ಟು ಯೋಚಿಸುತ್ತಾರೆ?

ಆ ದಶಕ ಮುಗಿಯುವ ಮೊದಲೇ ಆ ಮಾತನ್ನು ನಡೆಸಿಕೊಡುವ ದಿನ ಬಂತು. ಬ್ಲಾಕು ಪ್ರೆಸ್ಸಿನಲ್ಲೇ ಇತ್ತು. ಹೂಬಳ್ಳಿ ಹಾಕಿ ಎಂದಾಗ ಮುದುಕ ನನ್ನ ಮುಖ ನೋಡಿದ, ಸಂಪಾದಕರನ್ನು ನೋಡಿದ. ಸಂಪಾದಕರು ಹಾಕು ಎಂದರು. ಬರಹವನ್ನು ಅವರೇ ಬರೆದಿದ್ದರು. ಎಷ್ಟು ಉದ್ದವಾಗಿದೆ ಎಂದು ಅವರು ಅಳೆಯಲಿಲ್ಲ, ದಾರ ಜೇಬಿನಲ್ಲೇ ಇತ್ತು.

ದಿನಕರ್ಮಕ್ಕೆ ಬಿಜ್ಜರಗಿಯ ಮುದುಕಿಯನ್ನು ಇಬ್ಬರು ಹುಡುಗಿಯರು ತೋಳು ಹಿಡಿದು ಕರೆತಂದರು. ಪಡಸಾಲೆಯಲ್ಲಿ ಹಳೆಯ ಪೇಪರಿನ ಪಕ್ಕದಲ್ಲೇ ಹೊಸದನ್ನೂ ಅಂಟಿಸಿದ್ದೆ. ಆಕೆ ಅಳಲಿಲ್ಲ, ಹಾಡಲೂ ಇಲ್ಲ. ಹೂಬಳ್ಳಿಯ ಸುತ್ತ ಬೆರಳಾಡಿಸಿದಳು.

"ಅವತ್ತ ಸತ್ತಾಳ ಅಂತ ಹಾಕಿದ್ರಿ, ಹಿಟ್ಟಿನ ಕೈಲೆ ಹೊರಗ ಬಂದ್ಲು" ಎಂದಳು. "ಇವತ್ತ ಗೆದ್ದಾಳ ಅಂತ ಹಾಕೀರಿ."

ಹಾಗೆಂದು ಅಡುಗೆಮನೆಯ ಬಾಗಿಲಿನ ಕಡೆ ನೋಡಿದಳು. ನಾನೂ ನೋಡಿದೆ.